ಆವೃತ್ತಿಯೂ ಆವರಣವೂ

ಒಮ್ಮೆ ಕೇಳಿದಾಗ ಅರ್ಥವಾಗದ ಮಾತು ಅದನ್ನೇ ನೂರು ಬಾರಿ ಕೇಳಿದ ಮಾತ್ರಕ್ಕೆ ಅರ್ಥವಾದೀತೆ? ಬ್ರಹ್ಮಸೂತ್ರಗಳ ನಾಲ್ಕನೆಯ ಅಧ್ಯಾಯವು ಮೊದಲಾಗುವುದೇ ಈ ವಿಚಾರದಿಂದ. ಶ್ರವಣ, ಮನನ, ನಿದಿಧ್ಯಾಸನಗಳನ್ನು ಒಮ್ಮೆ ನಡೆಸಿದರೆ ಸಾಕೋ, ಮರಳಿ ಮರಳಿ ನಡೆಸಬೇಕೋ ಎಂಬ ಸಂಶಯವೆದ್ದಾಗ ಸೂತ್ರಕಾರರು ಆವೃತ್ತಿಯ ಪಕ್ಷವನ್ನು ಹಿಡಿದರು. ಆದರೆ ಶಂಕರಾಚಾರ್ಯರು ಆ ಭಾಗದ ಭಾಷ್ಯದಲ್ಲಿ ಪೂರ್ವಪಕ್ಷಿಗೆ ಕೊಟ್ಟಿರುವ ಅವಕಾಶವನ್ನು ನೋಡಿದರೆ, ಆ ಸಂಶಯವನ್ನು ಅವರು ಹಗುರವೆಂದು ಎಣಿಸಲಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಪೂರ್ವಪಕ್ಷಿಯ ಆಕ್ಷೇಪದ ಸಾರವಿಷ್ಟು: ವಾಕ್ಯಕ್ಕೆ ಅರ್ಥವನ್ನು ತಿಳಿಯಪಡಿಸುವ ಸಾಮರ್ಥ್ಯವಿದ್ದರೆ ಅದು ಮೊದಲ ಸಲವೇ ತಿಳಿಯಪಡಿಸಬೇಕು, ಇಲ್ಲದ ಸಾಮರ್ಥ್ಯವು ಸಾವಿರನೆಯ ಸಲಕ್ಕೆ ಎಲ್ಲಿಂದ ಬಂದೀತು? ಆಚಾರ್ಯರ ಸಮಾಧಾನವೆಂದರೆ, ಒಮ್ಮೆ ಕೇಳಿದೊಡನೆಯೇ ಅರಿಯಬಲ್ಲವನಿಗೆ ಆವೃತ್ತಿಯಿಂದ ಪ್ರಯೋಜನವಿಲ್ಲ. ಅರಿಯಲಾರದವನಿಗೆ ಅದು ಬೇಕೇ ಬೇಕು, ಏಕೆಂದರೆ ಮೊದಲು ಮಸಕಾಗಿ ತೋರಿದ ವಿಷಯವು, ಅದನ್ನು ಕವಿದ ಸಂಶಯ ವಿಪರ್ಯಯಗಳು ಕಳಚುತ್ತ ಹೋದಂತೆ, ನಿಚ್ಚಳವಾಗುವುದನ್ನು ಲೋಕದಲ್ಲಿ ಕಾಣುತ್ತೇವೆ.

ಜಪಮಾಲೆಯನ್ನು ಹಿಡಿದವರೂ, ನಿತ್ಯಪಾರಾಯಣ ಮಾಡುವವರೂ, ದಿನಕ್ಕೈದು ಸಲ ಪ್ರಾರ್ಥನೆಗೆ ನಿಲ್ಲುವವರೂ ಈ ಸಮಾಧಾನವನ್ನು ನಂಬಿಯೇ ನಡೆಯುತ್ತಾರೆ. ಆದರೂ ಪ್ರಶ್ನೆ ಪೂರ್ತಿಯಾಗಿ ತೀರಿದುದಿಲ್ಲ. ಆವೃತ್ತಿಯಿಂದ ಕಳಚುವುದು ಯಾವುದು? ಕಳಚದೆ ಉಳಿಯುವುದು ಯಾವುದು? ಈ ಎರಡು ಪ್ರಶ್ನೆಗಳನ್ನು ಅಂಕೆ ಸಂಖ್ಯೆಗಳಿಂದ ತೂಗಿ ನೋಡುವ ಅವಕಾಶ, ಶಾಸ್ತ್ರಕಾರರು ಊಹಿಸಿರಲಾರದ ಒಂದು ಕ್ಷೇತ್ರದಲ್ಲಿ, ಕಳೆದ ನೂರಿಪ್ಪತ್ತು ವರ್ಷಗಳಿಂದ ಒದಗಿಬಂದಿದೆ. ಗದ್ದಲದಲ್ಲಿ ಮುಳುಗಿದ ಸಂಕೇತವೊಂದರ ರೋಹಿತವನ್ನು ಅಳೆಯುವ ವಿದ್ಯೆಯೇ ಆ ಕ್ಷೇತ್ರ. ಅಲ್ಲಿನ ಅನುಭವವು ಸಾಧಕರಿಗೆ ಉಪೇಕ್ಷಣೀಯವಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ.

ರೇಡಿಯೋ ಅಲೆಯಾಗಲಿ, ಯಂತ್ರದ ನಡುಕವಾಗಲಿ, ಮಿದುಳಿನ ವಿದ್ಯುತ್ತಾಗಲಿ, ಕಾಲದೊಡನೆ ಏರಿಳಿಯುವ ಯಾವ ಸಂಕೇತವನ್ನು ತೆಗೆದುಕೊಂಡರೂ, ಅದರಲ್ಲಿ ಯಾವ ಕಂಪನಾಂಕಕ್ಕೆ ಎಷ್ಟು ಶಕ್ತಿ ಸೇರಿದೆಯೆಂಬ ಲೆಕ್ಕವೇ ಅದರ ರೋಹಿತ. ಅಳೆಯ ಹೊರಟವನಿಗೆ ಮೊದಲು ಎದುರಾಗುವುದು ಗದ್ದಲ. ಇದು ಉಪಕರಣದ ಕೊರತೆಯಿಂದ ಮಾತ್ರ ಬರುವುದೆಂದು ತಿಳಿಯಬಾರದು. 1928ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯ ಜಾನ್ಸನ್ನರು, ಯಾವ ವಾಹಕವೇ ಆಗಲಿ, ಉಷ್ಣವಿರುವ ಕಾರಣದಿಂದಲೇ ತನ್ನೊಳಗೆ ವಿದ್ಯುತ್ತಿನ ಕ್ಷೋಭೆಯನ್ನು ಹೊತ್ತಿರುವುದೆಂದು ಅಳೆದು ತೋರಿಸಿದರು. ಅವರ ಸಹೋದ್ಯೋಗಿಗಳಾದ ನೈಕ್ವಿಸ್ಟರು ಅದರ ಗಣಿತವನ್ನು ನಿರೂಪಿಸಿದರು. ಬಿಸಿಯಿರುವವರೆಗೂ ಚಾಂಚಲ್ಯವುಂಟು. ಚಿತ್ತದ ಚಾಂಚಲ್ಯವನ್ನು ಪಾಪವೆಂದು ಭಾವಿಸಿ ತಮ್ಮನ್ನು ತಾವೇ ನಿಂದಿಸಿಕೊಳ್ಳುವ ಭಕ್ತರಿಗೆ ಈ ಸಂಗತಿಯಿಂದ ಸ್ವಲ್ಪ ಸಮಾಧಾನ ದೊರೆಯಬೇಕು. ಅದು ದೇಹವುಳ್ಳವರ ಸಹಜಧರ್ಮವೇ ಹೊರತು ಯಾರೊಬ್ಬರ ಅಪರಾಧವೂ ಅಲ್ಲ.

ಗದ್ದಲದ ನಡುವೆ ಅಡಗಿರುವ ಲಯಗಳನ್ನು ಹುಡುಕಲು 1898ರಲ್ಲಿ ಆರ್ಥರ್ ಶುಸ್ಟರ್ ಎಂಬ ಭೌತವಿಜ್ಞಾನಿಗಳು ಪೀರಿಯಾಡೋಗ್ರಾಂ ಎಂಬ ಗಣನಕ್ರಮವನ್ನು ಸೂಚಿಸಿದರು. ಮುಂದೆ ಸೂರ್ಯನ ಕಲೆಗಳ ದಾಖಲೆಗೆ ಅದನ್ನು ತಾವೇ ಪ್ರಯೋಗಿಸಿದರು. ಹೆಚ್ಚು ಕಾಲ ನೋಡಿದರೆ ಹೆಚ್ಚು ನಿಶ್ಚಯವಾಗಿ ತಿಳಿಯುವುದೆಂದು ಯಾರಿಗಾದರೂ ತೋರುವುದು ಸಹಜ. ಆದರೆ ನಡೆದುದು ಹಾಗಲ್ಲ. ಗದ್ದಲದ ದಾಖಲೆಯನ್ನು ಎಷ್ಟು ಉದ್ದವಾಗಿ ಬೆಳೆಸಿದರೂ ಪೀರಿಯಾಡೋಗ್ರಾಂ ಅಷ್ಟೇ ಮುಳ್ಳುಮುಳ್ಳಾಗಿ ಉಳಿಯುತ್ತದೆ. ಪ್ರತಿಯೊಂದು ಕಂಪನಾಂಕದಲ್ಲಿ ದೊರೆತ ಬೆಲೆಯ ಅನಿಶ್ಚಯವು ಆ ಬೆಲೆಯಷ್ಟೇ ದೊಡ್ಡದಾಗಿ ನಿಲ್ಲುತ್ತದೆ. ಕಾರಣವು ವಿಚಾರಯೋಗ್ಯವಾದುದು. ಹೊಸದಾಗಿ ಕೂಡಿಕೊಂಡ ಕಾಲವೆಲ್ಲ ಹಳೆಯ ಬೆಲೆಗಳನ್ನು ಸ್ಥಿರಗೊಳಿಸುವುದಕ್ಕೆ ವಿನಿಯೋಗವಾಗದೆ, ಇನ್ನೂ ಸೂಕ್ಷ್ಮವಾದ ಭೇದಗಳನ್ನು ಕಲ್ಪಿಸುವುದಕ್ಕೆ ವಿನಿಯೋಗವಾಗಿಬಿಡುತ್ತದೆ. ಒಂದು ಮುಳ್ಳಿದ್ದ ಕಡೆ ಎರಡು ಮುಳ್ಳು, ಎರಡಿದ್ದ ಕಡೆ ನಾಲ್ಕು. ವರ್ಷಗಳ ಸಂಖ್ಯೆಯೊಂದರಿಂದಲೇ ತಪಸ್ಸನ್ನು ಅಳೆಯುವ ನಮ್ಮ ವಾಡಿಕೆಗೆ ಇದಕ್ಕಿಂತ ಗಂಭೀರವಾದ ಆಕ್ಷೇಪವನ್ನು ನಾನು ಕಂಡಿಲ್ಲ. ಪತಂಜಲಿಗಳು ಅಭ್ಯಾಸವು ದೃಢಭೂಮಿಯಾಗಲು ದೀರ್ಘಕಾಲವನ್ನು ಮಾತ್ರ ಹೇಳಿ ಸುಮ್ಮನಾಗದೆ, ನೈರಂತರ್ಯವನ್ನೂ ಸತ್ಕಾರವನ್ನೂ ಅದರೊಡನೆ ಸೇರಿಸಿದುದು ಸುಮ್ಮನೆ ಆಗಿರಲಾರದು.

ಬಿಕ್ಕಟ್ಟಿನಿಂದ ಹೊರಬರುವ ದಾರಿಯನ್ನು 1948ರಲ್ಲಿ ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞರಾದ ಬಾರ್ಟ್ಲೆಟ್ ತೋರಿಸಿದರು. ದೀರ್ಘವಾದ ದಾಖಲೆಯನ್ನು ಹಲವು ಖಂಡಗಳಾಗಿ ಕತ್ತರಿಸಿ, ಒಂದೊಂದು ಖಂಡದ ರೋಹಿತವನ್ನೂ ಪ್ರತ್ಯೇಕವಾಗಿ ತೆಗೆದು, ಆ ರೋಹಿತಗಳ ಸರಾಸರಿಯನ್ನು ಹಿಡಿಯಬೇಕೆಂಬುದೇ ಆ ದಾರಿ. ನೂರು ಖಂಡಗಳ ಸರಾಸರಿಯಲ್ಲಿ ಅನಿಶ್ಚಯವು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದರೆ ಅದಕ್ಕೆ ಬೆಲೆಯುಂಟು. ಖಂಡವು ಚಿಕ್ಕದಾದಷ್ಟೂ ಹತ್ತಿರ ಹತ್ತಿರವಿರುವ ಎರಡು ಕಂಪನಾಂಕಗಳನ್ನು ಬೇರ್ಪಡಿಸಿ ನೋಡುವ ಶಕ್ತಿ ಕುಗ್ಗುವುದು. 1967ರಲ್ಲಿ ಪೀಟರ್ ವೆಲ್ಚ್ ಎಂಬವರು ಈ ಕ್ರಮವನ್ನು ಪರಿಷ್ಕರಿಸಿ, ಖಂಡಗಳು ಒಂದರ ಮೇಲೊಂದು ಚಾಚಿಕೊಳ್ಳುವಂತೆಯೂ, ಪ್ರತಿಯೊಂದು ಖಂಡದ ಅಂಚುಗಳು ಮೆಲ್ಲನೆ ಕ್ಷೀಣವಾಗುವಂತೆಯೂ ಏರ್ಪಡಿಸಿದರು. ಇಂದಿಗೂ ಪ್ರಯೋಗಶಾಲೆಗಳಲ್ಲಿ ವಾಡಿಕೆಯಲ್ಲಿರುವುದು ಹೆಚ್ಚಾಗಿ ಆ ಪದ್ಧತಿಯೇ. ಎರಡರಲ್ಲಿಯೂ ತತ್ತ್ವ ಒಂದೇ. ಸ್ಥೈರ್ಯವನ್ನು ಬಯಸುವವನು ಸೂಕ್ಷ್ಮತೆಯ ಒಂದಂಶವನ್ನು ಬಿಟ್ಟುಕೊಡಬೇಕು. ಇಂದಿನ ಧ್ಯಾನದಲ್ಲಿ ಏನು ಕಂಡಿತು, ನಿನ್ನೆ ಏನು ಕಂಡಿತ್ತು ಎಂದು ಪ್ರತಿಯೊಂದು ಅನುಭವದ ಎಳೆಯನ್ನೂ ಬಿಡಿಸಿ ಬಿಡಿಸಿ ನೋಡುವ ಸಾಧಕನು, ತನಗರಿವಿಲ್ಲದೆಯೇ, ಕಾಲವನ್ನೆಲ್ಲ ಮುಳ್ಳುಗಳನ್ನು ಎಣಿಸುವುದರಲ್ಲಿ ವ್ಯಯಮಾಡುತ್ತಿರುವನು. ಅಭ್ಯಾಸದ ಜೊತೆಯಲ್ಲಿಯೇ ವೈರಾಗ್ಯವನ್ನು ಯೋಗಶಾಸ್ತ್ರವು ಇರಿಸಿದುದರ ಔಚಿತ್ಯವು ಇಲ್ಲಿ ನನಗೆ ಮನದಟ್ಟಾಗುತ್ತದೆ.

ಹೀಗೆ ಶಕ್ತಿಯ ಸರಾಸರಿಯನ್ನು ಹಿಡಿದಾಗ ಗದ್ದಲದ ನೆಲವು ಸಮತಲವಾಗುವುದು, ಆದರೆ ಕೆಳಗಿಳಿಯದು. ಸಂಕೇತವು ಆ ನೆಲದಿಂದ ತುಸುವಾದರೂ ಮೇಲೆದ್ದಿದ್ದರೆ ಕಣ್ಣಿಗೆ ಬೀಳುವುದು. ನೆಲದೊಳಗೆ ಹೂತುಹೋಗಿದ್ದರೆ ಅದನ್ನು ಕಾಣಲು ಬಹಳ ಸರಾಸರಿಗಳು ಬೇಕು. ನೆಲವನ್ನೇ ಇಳಿಸುವ ಇನ್ನೊಂದು ವಿಧಾನವುಂಟು. ಸಂಕೇತವು ಯಾವ ಕ್ಷಣದಲ್ಲಿ ಆರಂಭವಾಗುವುದೆಂದು ಮೊದಲೇ ತಿಳಿದಿದ್ದರೆ, ಪ್ರತಿಯೊಂದು ಆವೃತ್ತಿಯನ್ನೂ ಸರಿಯಾಗಿ ಆ ಕ್ಷಣದಿಂದಲೇ ಮೊದಲುಮಾಡಿ, ಶಕ್ತಿಯನ್ನಲ್ಲದೆ ಅಲೆಯನ್ನೇ, ಅದರ ಏರಿಳಿತಗಳ ಸಮೇತ, ಒಂದರ ಮೇಲೊಂದು ಕೂಡಿಸಬಹುದು. ಆಗ ಸಂಕೇತವು ಪ್ರತಿಸಲವೂ ತನ್ನೊಡನೆ ತಾನೇ ಸೇರಿಕೊಂಡು ನಿಲ್ಲುತ್ತದೆ. ಗದ್ದಲವಾದರೋ ಒಮ್ಮೆ ಮೇಲೂ ಒಮ್ಮೆ ಕೆಳಗೂ ಬಂದು ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಹೀಗೆ ನೂರು ಆವೃತ್ತಿಗಳಾದರೆ ಗದ್ದಲದ ಶಕ್ತಿ ನೂರರಲ್ಲಿ ಒಂದು ಪಾಲಾಗುವುದು. ಲಂಡನ್ನಿನ ಜಾರ್ಜ್ ಡಾಸನ್ನರು 1950ರ ದಶಕದ ಆರಂಭದಲ್ಲಿ ಮಿದುಳಿನ ಕ್ಷೀಣವಾದ ಸ್ಪಂದನಗಳನ್ನು ಈ ಬಗೆಯ ಸರಾಸರಿಯಿಂದಲೇ ಹೊರತೆಗೆದರು. ಮಾತು ಬಾರದ ಹಸುಗೂಸಿಗೆ ಕಿವಿ ಕೇಳಿಸುವುದೋ ಇಲ್ಲವೋ ಎಂಬುದನ್ನು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆಗಳಲ್ಲಿ ಇಂದು ಪರೀಕ್ಷಿಸುವುದೂ ಇದೇ ತತ್ತ್ವದ ಮೇಲೆ. ಮಲಗಿ ನಿದ್ರಿಸುತ್ತಿರುವ ಮಗುವಿನ ಕಿವಿಗೆ ಸಾವಿರ, ಎರಡು ಸಾವಿರ ಬಾರಿ ಟಿಕ್ಕೆಂಬ ಸಣ್ಣ ಶಬ್ದವನ್ನು ಕೇಳಿಸುತ್ತಾರೆ. ಮಿದುಳಿನ ಬುಡವು ಕೊಡುವ ಮಾರುತ್ತರವು ಒಂದು ಮೈಕ್ರೋವೋಲ್ಟಿಗಿಂತಲೂ ಕಡಿಮೆ, ಅದನ್ನು ಮುಚ್ಚಿರುವ ಮಿದುಳಿನ ಸಹಜ ವಿದ್ಯುತ್ತು ಅದರ ಹತ್ತಾರು ಪಟ್ಟು. ಒಂದು ಟಿಕ್ಕಿಗೆ ಏನೂ ಕಾಣದು. ಎರಡು ಸಾವಿರದ ಕೊನೆಗೆ, ಮಗುವಿಗೆ ಎಚ್ಚರವೇ ಆಗದೆ, ಅದರ ಉತ್ತರವು ಅಲೆಯಲೆಯಾಗಿ ಪರದೆಯ ಮೇಲೆ ನಿಂತಿರುತ್ತದೆ. ಸೊನ್ನೆಯಂತೆ ತೋರಿದುದು ಸೊನ್ನೆಯಾಗಿರಲಿಲ್ಲ. ವೇದಾಂತದ ಪೂರ್ವಪಕ್ಷಿ ಮರೆತ ಸಂಗತಿಯಿದು.

ಆದರೆ ಈ ಫಲವು ದೊರೆಯುವುದು ಪ್ರತಿ ಆವೃತ್ತಿಯೂ ತಕ್ಕ ಕ್ಷಣದಿಂದಲೇ ಆರಂಭವಾದರೆ ಮಾತ್ರ. ಆರಂಭವು ಅಂಕೆಯಿಲ್ಲದೆ ಹಿಂದುಮುಂದಾದರೆ ಗದ್ದಲದೊಡನೆ ಸಂಕೇತವೂ ಅಳಿಸಿಹೋಗುವುದು. ಪ್ರಣವದ ಜಪವನ್ನು ವಿಧಿಸಿದ ಯೋಗಶಾಸ್ತ್ರವು ಆ ಜಪದೊಡನೆಯೇ ಅದರ ಅರ್ಥದ ಭಾವನೆಯನ್ನೂ ವಿಧಿಸಿದೆ. ನಾಲಗೆ ಮಂತ್ರದಲ್ಲಿಯೂ ಮನಸ್ಸು ಎಲ್ಲೆಲ್ಲಿಯೋ ಇದ್ದು ನಡೆಯುವ ಜಪವು ಲೆಕ್ಕಕ್ಕೆ ಲಕ್ಷವಾದರೂ, ಸಾಧಕನಿಗೆ ಅದರಿಂದ ಒಂದು ಬಗೆಯ ಸಮತೆ ಬಂದೀತೇ ಹೊರತು ನೆಲ ಇಳಿಯದು.

ಇಲ್ಲಿ ಒಂದು ಸಣ್ಣ ಸಂಗತಿಯನ್ನು ಹೇಳಿ ಮುಂದೆ ಹೋಗುತ್ತೇನೆ. ರೋಹಿತದ ಬೆಲೆಗಳನ್ನು ಡೆಸಿಬೆಲ್ ಎಂಬ ಲಾಗರಿದಮಿಕ್ ಮಾನದಲ್ಲಿ ಬರೆಯುವುದು ರೂಢಿ. ಗದ್ದಲದ ಬೆಲೆಗಳನ್ನು ಮೊದಲು ಡೆಸಿಬೆಲ್ಲಿಗೆ ತಿರುಗಿಸಿ ಆಮೇಲೆ ಸರಾಸರಿ ಹಿಡಿದರೆ ಫಲವು ನಿಜವಾದ ಸರಾಸರಿ ಶಕ್ತಿಗಿಂತ ಸುಮಾರು 2.5 ಡೆಸಿಬೆಲ್ ಕೆಳಗೆ ಬೀಳುವುದು. ಹತ್ತು ಸರಾಸರಿಯಾಗಲಿ ಹತ್ತು ಸಾವಿರವಾಗಲಿ, ಈ ತಪ್ಪು ಕೂದಲೆಳೆಯಷ್ಟೂ ಕದಲದು. ಅಳತೆಗಳನ್ನು ಕೂಡಿಸುವುದು ಬೇರೆ, ಅಳತೆಗಳ ಮೇಲೆ ಮಾಡಿದ ತೀರ್ಮಾನಗಳನ್ನು ಕೂಡಿಸುವುದು ಬೇರೆ. ಧರ್ಮದ ವಿಷಯದಲ್ಲಿ ಬಹುಮತವೆಂಬುದು ಅನೇಕ ವೇಳೆ ಎರಡನೆಯ ಬಗೆಯದು. ಅಲ್ಲಿ ಲಕ್ಷ ಜನರ ಅನುಭವವು ಕೂಡಿರುವುದಿಲ್ಲ. ಒಂದೇ ಮಾನದಿಂದ ಕುಗ್ಗಿಸಲ್ಪಟ್ಟ ಲಕ್ಷ ಜನರ ಅಭಿಪ್ರಾಯವು ಕೂಡಿರುತ್ತದೆ.

ಈ ಸಣ್ಣ ಸಂಗತಿಯೇ ದೊಡ್ಡ ಪ್ರಶ್ನೆಗೆ ಬಾಗಿಲು. ಸರಾಸರಿಯು ಅಳಿಸುವುದು ನಿಯತಿಯಿಲ್ಲದೆ ಅತ್ತಿತ್ತ ತೂಗುವ ದೋಷವನ್ನು ಮಾತ್ರ. ಪ್ರತಿಸಲವೂ ಒಂದೇ ಕಡೆಗೆ ಎಳೆಯುವ ದೋಷವನ್ನು ಅದು ಅಳಿಸದಿರುವುದಷ್ಟೇ ಅಲ್ಲ, ಸುತ್ತಲಿನ ಗದ್ದಲವನ್ನು ತೊಲಗಿಸಿ, ಆ ದೋಷವನ್ನು ಸತ್ಯದ ಪೀಠದಲ್ಲಿ ಕುಳ್ಳಿರಿಸಿಬಿಡುತ್ತದೆ. ಆವೃತ್ತಿಯ ಕೊನೆಯಲ್ಲಿ ಉಳಿದು ನಿಂತುದು ವಿಶ್ವದ ಸತ್ಯವೂ ಆಗಿರಬಹುದು, ನಮ್ಮ ಉಪಕರಣದ ದೋಷವೂ ಆಗಿರಬಹುದು. ಎರಡರ ಮುಖವೂ ಒಂದೇ.

1964ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಹೋಮ್‌ಡೆಲ್‌ನಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ಎಂಬಿಬ್ಬರು ಈ ಸಂಕಟವನ್ನೇ ಎದುರಿಸಿದರು. ಕಹಳೆಯಾಕಾರದ ಅವರ ಆಂಟೆನಾದಲ್ಲಿ ಲೆಕ್ಕಕ್ಕೆ ಸಿಗದ ಸುಮಾರು 3.5 ಕೆಲ್ವಿನ್ನಿನಷ್ಟು ಗದ್ದಲವು ಉಳಿದುಕೊಂಡಿತ್ತು. ಎಷ್ಟು ಸಲ ಅಳೆದರೂ ಅದು ಕರಗದೆ ದೃಢವೇ ಆಯಿತು. ದ್ರವ ಹೀಲಿಯಂನಿಂದ ತಣಿಸಿದ, ಉಷ್ಣತೆ ಗೊತ್ತಿರುವ ಆಕರವೊಂದಕ್ಕೆ ಹೋಲಿಸಿ ನೋಡಿದರು. ನಗರದ ಕಡೆಗೆ ತಿರುಗಿಸಿದರು. ಋತುಗಳು ಬದಲಾಗುವವರೆಗೆ ಕಾದರು. ಕಹಳೆಯೊಳಗೆ ಗೂಡುಕಟ್ಟಿದ್ದ ಪಾರಿವಾಳಗಳನ್ನು ಹೊರಡಿಸಿ ಅವುಗಳ ಹಿಕ್ಕೆಯನ್ನು ತೊಳೆದರು. ಉಳಿದುದು ಉಳಿದೇ ಇತ್ತು. ಅದು ವಿಶ್ವದ ಆದಿಯ ಬಿಸಿಯ ಅವಶೇಷವೆಂದು 1965ರಲ್ಲಿ ಪ್ರಕಟವಾಯಿತು. 1978ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ಬಂದಿತು. ಅವರ ಹಿರಿಮೆ ಅಳತೆಗಳ ಸಂಖ್ಯೆಯಲ್ಲಿದ್ದುದಲ್ಲ. ಅನುಮಾನಾಸ್ಪದವಾದ ಒಂದೊಂದು ಕಾರಣವನ್ನೂ ಬದಲಾಯಿಸಿ ನೋಡಿದ ನಿಷ್ಠೆಯಲ್ಲಿದ್ದುದು.

ಇದಕ್ಕೆ ವಿಪರೀತವಾದ ಉದಾಹರಣೆ ನಮ್ಮ ನಾಡಿನ ನೀರಿನ ಮೇಲೆಯೇ ನಡೆದಿದೆ. 2018ರಲ್ಲಿ ಪಶ್ಚಿಮ ಆಸ್ಟ್ರೇಲಿಯದ ಮರುಭೂಮಿಯಲ್ಲಿ ಎಡ್ಜಸ್ ಎಂಬ ಉಪಕರಣದಿಂದ ಆಕಾಶದ ರೋಹಿತವನ್ನು ಅಳೆದವರು, 78 ಮೆಗಾಹರ್ಟ್ಸ್ ಸುತ್ತಮುತ್ತ ಅರ್ಧ ಕೆಲ್ವಿನ್ ಆಳದ ಒಂದು ತಗ್ಗು ಕಂಡಿತೆಂದೂ, ಅದು ವಿಶ್ವದ ಮೊದಲ ನಕ್ಷತ್ರಗಳು ಬೆಳಗಿದ ಕಾಲದ ಗುರುತೆಂದೂ ಪ್ರಕಟಿಸಿದರು. ಸಾವಿರ ಕೆಲ್ವಿನ್ನಿಗೂ ಮೀರಿದ ಆಕಾಶದ ಪ್ರಭೆಯಲ್ಲಿ ಅರ್ಧ ಕೆಲ್ವಿನ್! ದೀರ್ಘವಾದ ಸರಾಸರಿಯಿಲ್ಲದೆ ಅಂಥದು ಕಾಣುವುದೇ ಇಲ್ಲ. ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯವರು ತಮ್ಮ ಸರಸ್ ಎಂಬ ಉಪಕರಣದ ಮೂರನೆಯ ರೂಪವನ್ನು 2020ರಲ್ಲಿ ದಂಡಿಗಾನಹಳ್ಳಿಯ ಕೆರೆಯಲ್ಲಿಯೂ ಶರಾವತಿಯ ಹಿನ್ನೀರಿನಲ್ಲಿಯೂ ತೇಲಿಬಿಟ್ಟು ಅದೇ ರೋಹಿತವನ್ನು ಅಳೆದರು. ನೀರೇ ಏಕೆ? ನೆಲವು ಮಣ್ಣು, ತೇವ, ಕಲ್ಲು ಎಂದು ಪದರಪದರವಾಗಿದ್ದು, ಒಂದೊಂದು ಕಂಪನಾಂಕಕ್ಕೆ ಒಂದೊಂದು ಬಗೆಯಾಗಿ ವರ್ತಿಸಿ ರೋಹಿತದಲ್ಲಿ ತನ್ನ ಮುದ್ರೆಯನ್ನೊತ್ತಬಲ್ಲದು. ಆಳವಾದ ನೀರು ಏಕರೂಪವಾದುದು. 2022ರಲ್ಲಿ ಅವರು ಪ್ರಕಟಿಸಿದ ನಿರ್ಣಯವೆಂದರೆ, ಆ ತಗ್ಗು ತಮಗೆ ಕಾಣಲಿಲ್ಲ, ಅದು ಆಕಾಶದ್ದಲ್ಲವೆಂದು ನೂರಕ್ಕೆ 95ನ್ನು ಮೀರಿದ ವಿಶ್ವಾಸದಿಂದ ಹೇಳಬಹುದು. ಇನ್ನಷ್ಟು ಕಾಲ ಅದೇ ನೆಲದ ಮೇಲೆ ಅಳೆಯುವುದರಿಂದ ಈ ನಿರ್ಣಯಕ್ಕೆ ಬರುವುದು ಸಾಧ್ಯವಿರಲಿಲ್ಲ. ಕಾಲೂರಿದ ಜಾಗವನ್ನೇ ಬದಲಿಸಬೇಕಾಯಿತು.

ನಮ್ಮ ತಾರ್ಕಿಕರು ಈ ಎಚ್ಚರಿಕೆಯನ್ನು ಎಂದೋ ಕೊಟ್ಟಿದ್ದರು. ಭೂಯೋದರ್ಶನದಿಂದ, ಎಂದರೆ ಮರಳಿ ಮರಳಿ ಕಾಣುವುದರಿಂದ, ವ್ಯಾಪ್ತಿಯು, ಅಂದರೆ ಎರಡು ಸಂಗತಿಗಳು ತಪ್ಪದೆ ಜೊತೆಗಿರುವ ನಿಯಮವು, ನಿಶ್ಚಯವಾಗುವುದೆಂಬ ಮತವನ್ನು ಚರ್ಚಿಸುತ್ತ ಅನ್ನಂಭಟ್ಟರು ತರ್ಕಸಂಗ್ರಹದ ದೀಪಿಕೆಯಲ್ಲಿ ವಜ್ರವನ್ನು ಮುಂದಿಡುತ್ತಾರೆ: ಪಾರ್ಥಿವವಾದ ವಸ್ತುಗಳನ್ನು ಕಬ್ಬಿಣದಿಂದ ಗೀರಬಹುದೆಂಬುದನ್ನು ನೂರಾರು ಸಲ ಕಂಡಿದ್ದರೂ ಒಂದು ವಜ್ರದ ಮುಂದೆ ಆ ನಿಯಮವು ಮುರಿದುಬೀಳುತ್ತದೆ. ವೇದಾಂತಿಗಳ ಸಂಪ್ರದಾಯದಲ್ಲಿ ಅಂತಃಕರಣದ ದೋಷಗಳನ್ನು ಮಲ, ವಿಕ್ಷೇಪ, ಆವರಣವೆಂದು ಮೂರಾಗಿ ವಿಂಗಡಿಸಿ, ಮಲಕ್ಕೆ ನಿಷ್ಕಾಮಕರ್ಮವನ್ನೂ, ವಿಕ್ಷೇಪಕ್ಕೆ ಉಪಾಸನೆಯನ್ನೂ, ಆವರಣಕ್ಕೆ ಜ್ಞಾನವೊಂದನ್ನೇ ಪರಿಹಾರವಾಗಿ ಹೇಳಿರುವುದುಂಟು. ಈ ವಿಂಗಡಣೆಯ ಬೆಲೆ ನನಗೆ ತಿಳಿದುದು ರೋಹಿತಮಾಪನದ ಬೆಳಕಿನಲ್ಲಿ. ವಿಕ್ಷೇಪವೆಂದರೆ ತೂಗಾಟ, ಅದು ಆವೃತ್ತಿಗೆ ಮಣಿಯುತ್ತದೆ. ಆವರಣವು ತೂಗಾಡುವುದಿಲ್ಲ, ಅದು ನಿಶ್ಚಲವಾಗಿ ಪ್ರತಿಯೊಂದು ಅನುಭವದಲ್ಲಿಯೂ ಒಂದೇ ಸಮನಾಗಿ ಇರುವುದರಿಂದ, ಜಪವು ಬೆಳೆದಂತೆ ಚಿತ್ತವು ಶಾಂತವಾಗುವುದೇ ಹೊರತು ಆವರಣವು ತೆಳುವಾಗುವುದಿಲ್ಲ. ತನ್ನ ಕುಲವೇ ಮೇಲೆಂಬ ಭಾವನೆಯನ್ನು ಹೊತ್ತು ಪೂಜೆಗೆ ಕುಳಿತವನು ಐವತ್ತು ವರ್ಷ ಕುಳಿತರೂ, ಶಾಂತನಾದ ಕುಲಾಭಿಮಾನಿಯಾಗಿಯೇ ಏಳುವನು. ಧಾರ್ಮಿಕ ಜೀವನದ ದುರಂತಗಳಲ್ಲಿ ಇದಕ್ಕಿಂತ ಸಾಮಾನ್ಯವಾದುದೂ ಇದಕ್ಕಿಂತ ನೋವಿನದೂ ಇಲ್ಲ. ಆ ಶಾಂತಿಯೇ ಅವನಿಗೆ ತನ್ನ ಅಭಿಮಾನದ ಸಮರ್ಥನೆಯಾಗಿ ತೋರುವುದಲ್ಲ!

ಛಾಂದೋಗ್ಯದ ಆರನೆಯ ಅಧ್ಯಾಯವನ್ನು ಈ ದೃಷ್ಟಿಯಿಂದ ಓದಿದರೆ ಉದ್ದಾಲಕರ ಉಪದೇಶಕ್ರಮವು ವಿಸ್ಮಯವನ್ನುಂಟುಮಾಡುತ್ತದೆ. ಅವರು ಮಗನಾದ ಶ್ವೇತಕೇತುವಿಗೆ ತತ್ತ್ವಮಸಿ ಎಂಬ ಮಹಾವಾಕ್ಯವನ್ನು ಒಂಬತ್ತು ಬಾರಿ ಹೇಳಿದರೆಂಬುದು ಪ್ರಸಿದ್ಧ. ಆದರೆ ಒಂಬತ್ತು ಬಾರಿಯೂ ಅವರು ನಿಂತ ಜಾಗ ಬೇರೆ ಬೇರೆ. ಒಮ್ಮೆ ನಾನಾ ಹೂಗಳ ರಸವನ್ನು ಒಂದುಗೂಡಿಸುವ ಜೇನಿನಿಂದ ಹೊರಡುತ್ತಾರೆ. ಒಮ್ಮೆ ಸಮುದ್ರವನ್ನು ಸೇರಿದ ನದಿಗಳಿಂದ. ಒಮ್ಮೆ ಆಲದ ಹಣ್ಣನ್ನು ತರಿಸಿ ಒಡೆಸಿ, ಅದರ ಬೀಜವನ್ನೂ ಒಡೆಸಿ, ಏನು ಕಾಣುತ್ತದೆಂದು ಕೇಳುತ್ತಾರೆ. ಒಮ್ಮೆ ನೀರಿನಲ್ಲಿ ಉಪ್ಪನ್ನು ಕರಗಿಸಿ ರುಚಿನೋಡಿಸುತ್ತಾರೆ. ಮತ್ತೊಮ್ಮೆ ಕಣ್ಣು ಕಟ್ಟಿ ಗಾಂಧಾರದಿಂದ ದೂರ ತಂದುಬಿಟ್ಟ ಮನುಷ್ಯನ ಕಥೆಯನ್ನು ಹೇಳುತ್ತಾರೆ. ಉಪಾಧಿಯು ಬದಲಾಗುತ್ತ ಹೋಗಿ ಸಿದ್ಧಾಂತವೊಂದೇ ಸ್ಥಿರವಾಗಿ ನಿಲ್ಲುತ್ತದೆ. ಪ್ರತಿಸಲವೂ ಮಗನು ಇನ್ನೂ ತಿಳಿಸಿರೆಂದು ಕೇಳುತ್ತಾನೆ, ತಂದೆ ಬೇಸರವಿಲ್ಲದೆ ಒಪ್ಪುತ್ತಾರೆ. ಸೂತ್ರಕಾರರು ಆವೃತ್ತಿಗೆ ಆಧಾರವಾಗಿ ಉಪದೇಶವನ್ನು ತೋರಿಸುವಾಗ ಅವರ ಮನಸ್ಸಿನಲ್ಲಿದ್ದುದು ಇಂಥ ಆವೃತ್ತಿಯೇ ಹೊರತು, ಕಿವಿಯ ಬಳಿ ಒಂದೇ ಪದವನ್ನು ಬಡಿಯುವ ಆವೃತ್ತಿಯಲ್ಲವೆಂದು ನನ್ನ ಎಣಿಕೆ.

ಇನ್ನು ಉಳಿದುದು ಆಚಾರ್ಯರು ಹೇಳಿದ, ಒಮ್ಮೆಯೇ ಅರಿಯಬಲ್ಲವನ ಸಂಗತಿ. ಸರಾಸರಿಗೆ ಕ್ಷಣಿಕವಾದುದರ ಮೇಲೆ ಕರುಣೆಯಿಲ್ಲ. ದೀರ್ಘವಾಗಿ ಕೂಡಿಸುವ ಉಪಕರಣದಲ್ಲಿ ಮಿಂಚಿ ಮಾಯವಾದುದು ಗದ್ದಲದೊಡನೆ ಗದ್ದಲವಾಗಿ ಲೀನವಾಗುವುದು. ರೇಡಿಯೋ ಖಗೋಳವಿಜ್ಞಾನಿಗಳು ಬಹುಕಾಲ ಹೀಗೆಯೇ ಆಕಾಶವನ್ನು ನೋಡುತ್ತಿದ್ದರು. ಕೇಂಬ್ರಿಜ್ಜಿನ ಹ್ಯೂಯಿಷ್ ಅವರಿಗೆ ದೂರದ ಆಕರಗಳ ಶೀಘ್ರವಾದ ಮಿನುಗನ್ನು ಅಳೆಯಬೇಕಾಗಿದ್ದುದರಿಂದ, 1967ರಲ್ಲಿ ಅವರು ಸಿದ್ಧಗೊಳಿಸಿದ ದೂರದರ್ಶಕದಲ್ಲಿ ಈ ಕೂಡಿಕೆಯ ಕಾಲವನ್ನು ಬಹಳ ಮೊಟಕುಗೊಳಿಸಿದ್ದರು. ಅವರ ವಿದ್ಯಾರ್ಥಿನಿ ಜಾಸೆಲಿನ್ ಬೆಲ್ ದಿನದಿನವೂ ಹೊರಬರುತ್ತಿದ್ದ ಮಾರುದ್ದ ಮಾರುದ್ದದ ಕಾಗದವನ್ನು ಕಣ್ಣಿನಿಂದಲೇ ಪರೀಕ್ಷಿಸುತ್ತಿದ್ದಾಗ, ಅರ್ಧ ಅಂಗುಲವನ್ನೂ ತುಂಬದ ಒಂದು ಗೀಚು ಅವರ ಗಮನಕ್ಕೆ ಬಂದಿತು. ಗದ್ದಲವೆಂದು ಅದನ್ನು ದಾಟಿ ಹೋಗಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ; ಅಂಥದನ್ನೇ ಹಿಂದೆ ಅದೇ ದಿಕ್ಕಿನಲ್ಲಿ ಕಂಡಿದ್ದ ನೆನಪಿನಿಂದ ಹಳೆಯ ಸುರುಳಿಗಳನ್ನು ಹುಡುಕಿದರು, ಕಾಗದವನ್ನು ವೇಗವಾಗಿ ಓಡಿಸಿ ಮತ್ತೆ ಬರೆಯಿಸಿದರು. ಸುಮಾರು 1.34 ಸೆಕೆಂಡಿಗೊಮ್ಮೆ ಮಿಡಿಯುವ ಪಲ್ಸಾರ್ ಎಂಬ ತಾರೆಯು ಹೀಗೆ ದೊರೆಯಿತು. ದರ್ಶನವು ಮೊದಲು, ಸರಾಸರಿ ಆಮೇಲೆ. ಋಷಿಗಾಗಲಿ ಶರಣನಿಗಾಗಲಿ ಜೀವಮಾನದಲ್ಲಿ ಒಮ್ಮೆ ಮಿಂಚಿದ ಅನುಭವವನ್ನು, ಅದು ಮರುಕಳಿಸಲಿಲ್ಲವೆಂಬ ಕಾರಣದಿಂದ ಭ್ರಮೆಯೆಂದು ತಳ್ಳುವವರಿಗೆ ವಿಜ್ಞಾನದ ಬೆಂಬಲವಿದೆಯೆಂದು ನನಗೆ ತೋರುವುದಿಲ್ಲ. ಒಮ್ಮೆ ಕಂಡುದೇ ಸಾಕು, ಪರೀಕ್ಷೆ ಬೇಡವೆನ್ನುವವರಿಗೂ ಇಲ್ಲ.

ಪಲ್ಸಾರ್‌ಗಳ ವಿಷಯದಲ್ಲಿ ನನ್ನನ್ನು ಬಹಳವಾಗಿ ಸೆಳೆದ ಇನ್ನೊಂದು ಸಂಗತಿಯಿದೆ. ಲಯವು ತಿಳಿದ ಮೇಲೆ ಸಾವಿರಾರು ಮಿಡಿತಗಳನ್ನು ಆ ಲಯಕ್ಕೆ ಸರಿಯಾಗಿ ಮಡಿಸಿ ಕೂಡಿಸಿದರೆ, ಪ್ರತಿಯೊಂದು ಪಲ್ಸಾರಿಗೂ ಅದರದೇ ಆದ, ವರ್ಷಗಟ್ಟಲೆ ಬದಲಾಗದ, ಒಂದು ಆಕಾರವು ದೊರೆಯುತ್ತದೆ. ಆದರೆ ಬಿಡಿಬಿಡಿಯಾದ ಮಿಡಿತಗಳು ಒಂದರಂತೆ ಒಂದಿರುವುದಿಲ್ಲ. ಅವುಗಳಲ್ಲಿ ಒಂದಾದರೂ ಆ ಸರಾಸರಿ ಆಕಾರವನ್ನು ಯಥಾವತ್ತಾಗಿ ತಾಳಿರುವುದು ವಿರಳ. ಹಾಗಾದರೆ ಯಾವ ವ್ಯಕ್ತಿಯಲ್ಲಿಯೂ ಪೂರ್ತಿಯಾಗಿ ಕಾಣದ ಈ ರೂಪವು ಸತ್ಯವೋ, ನಮ್ಮ ಲೆಕ್ಕದ ಸೃಷ್ಟಿಯೋ? ಸ್ವಲಕ್ಷಣವೊಂದೇ ಸತ್ಯ, ಸಾಮಾನ್ಯವು ಕಲ್ಪನೆ ಎನ್ನುವ ದಿಙ್ನಾಗರ ಅನುಯಾಯಿಗಳಾದ ಬೌದ್ಧರು ಎರಡನೆಯದನ್ನು ಹೇಳಿಯಾರು. ಸಾಮಾನ್ಯವೂ ವಸ್ತುವೇ ಎನ್ನುವ ನೈಯಾಯಿಕರು ಮೊದಲನೆಯದನ್ನು. ಆ ಆಕಾರವು ತಾರೆಯ ಕಾಂತಕ್ಷೇತ್ರದ ರಚನೆಯಿಂದಲೂ ಅದು ನಮಗೆ ಅಭಿಮುಖವಾಗಿರುವ ಬಗೆಯಿಂದಲೂ ಬಂದುದೆಂದು ಬಲ್ಲವರು ವಿವರಿಸುವುದರಿಂದ, ನನ್ನ ಮನಸ್ಸು ನೈಯಾಯಿಕರ ಕಡೆಗೆ ವಾಲುತ್ತದೆ. ಆದರೆ ಪ್ರತಿಯೊಂದು ಮಿಡಿತದ ವೈಲಕ್ಷಣ್ಯಕ್ಕೂ ಆ ತಾರೆಯಲ್ಲಿಯೇ ಕಾರಣವಿರಬೇಕಷ್ಟೆ. ಅದನ್ನು ಗದ್ದಲವೆಂದು ಕರೆಯುವ ಅಧಿಕಾರವನ್ನು ನಮಗೆ ಕೊಟ್ಟವರಾರೆಂಬ ಬೌದ್ಧರ ಪ್ರಶ್ನೆಗೆ ಸರಿಯಾದ ಉತ್ತರವು ನೈಯಾಯಿಕರ ಬಳಿಯಲ್ಲಿಯೂ ನನಗೆ ದೊರೆತಿಲ್ಲ.